ಮದ್ಯವ್ಯಸನದ ಶುಶ್ರೂಷೆ: ದೂರದ ಊರುಗಳಲ್ಲಿ ವೈದ್ಯ ವಿದ್ಯಾರ್ಥಿಗಳ ತರಬೇತಿ ಮತ್ತು ಸಭಾಪಾಲಕರ ಪಾಲು

ಮದ್ಯಪಾನದ ಕೆಡುಕನ್ನು ಕುರಿತು ನಮ್ಮ ಸಭೆಗಳಲ್ಲಿ ಪ್ರಸಂಗಗಳಿಗೆ ಕೊರತೆಯಿಲ್ಲ. ಮದ್ಯವ್ಯಸನಿಯ ಚಿಕಿತ್ಸೆಯನ್ನು ಕುರಿತು ಮಾತ್ರ ನಾವು ಬಹಳ ಮಾತನಾಡಿದವರಲ್ಲ. ಅದು ವೈದ್ಯರ ಕೆಲಸವೆಂದು ಬಿಟ್ಟಿದ್ದೇವೆ. ಆದರೆ ವೈದ್ಯರ ಬಳಿಗೆ ಹೋಗುವವರು ಎಷ್ಟು ಮಂದಿ? ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆಯ ತಜ್ಞರು ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 10ರಿಂದ 75 ವರ್ಷದೊಳಗಿನ ಭಾರತೀಯರಲ್ಲಿ ಶೇ. 14.6ರಷ್ಟು, ಎಂದರೆ ಸುಮಾರು 16 ಕೋಟಿ ಜನರು ಮದ್ಯ ಸೇವಿಸುತ್ತಾರೆ. ಅವರಲ್ಲಿ 5.7 ಕೋಟಿ ಜನರಿಗೆ ಒಂದಲ್ಲ ಒಂದು ಬಗೆಯ ಸಹಾಯ ಬೇಕಾಗಿದೆ. ಮದ್ಯಕ್ಕೆ ಸಂಪೂರ್ಣ ಅಧೀನರಾದವರಲ್ಲಿ 38 ಮಂದಿಗೆ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆ ಪಡೆದಿದ್ದಾರೆ. ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು.

ಉಳಿದ 37 ಮಂದಿ ಎಲ್ಲಿಗೆ ಹೋಗುತ್ತಾರೆ? ಕೆಲವರು ಎಲ್ಲಿಗೂ ಹೋಗುವುದಿಲ್ಲ. ಕೆಲವರು ದೇವರ ಮುಂದೆ ಆಣೆ ಮಾಡುತ್ತಾರೆ, ಕೆಲವರು ಮದ್ಯವರ್ಜನ ಶಿಬಿರಕ್ಕೆ ಸೇರುತ್ತಾರೆ, ಕೆಲವರ ಮನೆಯವರು ಊಟದಲ್ಲಿ ಬೆರೆಸುವ ಗುಟ್ಟಿನ ಪುಡಿಯನ್ನು ತರಿಸುತ್ತಾರೆ. ನಮ್ಮ ಸಭೆಗಳವರಾದರೆ ಹೆಂಡತಿಯೋ ತಾಯಿಯೋ ಮೊದಲು ಬರುವುದು ಸಭಾಪಾಲಕರ ಮನೆಗೇ. ಆದ್ದರಿಂದ ದೂರದ ಹಳ್ಳಿಗಳಲ್ಲಿ ವ್ಯಸನ ಚಿಕಿತ್ಸೆಗಾಗಿ ವೈದ್ಯ, ಶುಶ್ರೂಷಾ ವಿದ್ಯಾರ್ಥಿಗಳನ್ನು ಹೇಗೆ ಸಿದ್ಧಪಡಿಸಬೇಕೆಂಬ ಪ್ರಶ್ನೆ ನಮಗೆ ಹೊರಗಿನದಲ್ಲ. ಅವರು ಕಲಿಯಬೇಕಾದುದರಲ್ಲಿ ಒಂದು ಭಾಗವನ್ನು ನಾವೂ ಕಲಿಯದಿದ್ದರೆ, ಒಳ್ಳೆಯ ಮನಸ್ಸಿನಿಂದಲೇ ಒಬ್ಬನ ಪ್ರಾಣಕ್ಕೆ ಅಪಾಯ ತರುವ ಸ್ಥಾನದಲ್ಲಿ ನಾವಿದ್ದೇವೆ.

ಈ ಮಾತು ಉತ್ಪ್ರೇಕ್ಷೆಯಲ್ಲ. ಹಲವು ವರ್ಷ ಪ್ರತಿದಿನ ಕುಡಿದವನ ಮಿದುಳು ಮದ್ಯದ ಮಂದಗೊಳಿಸುವ ಶಕ್ತಿಗೆ ಎದುರಾಗಿ ಸದಾ ಎಚ್ಚರದ ಸ್ಥಿತಿಗೆ ಹೊಂದಿಕೊಂಡಿರುತ್ತದೆ. ಮದ್ಯ ಹಠಾತ್ತನೆ ನಿಂತರೆ ಆ ಎಚ್ಚರಕ್ಕೆ ಕಡಿವಾಣವಿರುವುದಿಲ್ಲ. ಮೊದಲ ದಿನ ಕೈನಡುಕ, ಬೆವರು, ವಾಂತಿ, ನಿದ್ರೆಯಿಲ್ಲದಿರುವಿಕೆ ಕಾಣಿಸುತ್ತವೆ. ಮೊದಲ ಎರಡು ದಿನಗಳೊಳಗೆ ಕೆಲವರಿಗೆ ಮೂರ್ಛೆರೋಗದಂತೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರು ಸನ್ನಿಗೆ ಒಳಗಾಗುತ್ತಾರೆ: ಊರು, ಹೊತ್ತು, ಮನೆಯವರು ಯಾರೆಂಬುದು ತಿಳಿಯದು, ಗೋಡೆಯ ಮೇಲೆ ಹುಳುಗಳು ಹರಿದಾಡಿದಂತೆ ಕಾಣುತ್ತದೆ, ಜ್ವರ ಏರುತ್ತದೆ, ನಾಡಿ ಓಡುತ್ತದೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಈ ಸನ್ನಿಗೆ ಒಳಗಾದವರಲ್ಲಿ ಮೂರರಲ್ಲೊಬ್ಬರವರೆಗೂ ಸಾಯಬಹುದೆಂದು ವೈದ್ಯಗ್ರಂಥಗಳು ಹೇಳುತ್ತವೆ. ಸಕಾಲದ ಚಿಕಿತ್ಸೆಯಿಂದ ಆ ಪ್ರಮಾಣ ಶೇ. 5ಕ್ಕಿಂತ ಕೆಳಗಿಳಿಯುತ್ತದೆ.

ಈಗ ನಮ್ಮ ಮೂರು ದಿನಗಳ ಉಪವಾಸ ಪ್ರಾರ್ಥನಾ ಕೂಟವನ್ನು ನೆನೆಯೋಣ. ಮೊದಲ ರಾತ್ರಿ ಒಬ್ಬನು ಕಣ್ಣೀರಿನಿಂದ ಬಾಟಲಿಯನ್ನು ಬಿಸಾಡುತ್ತಾನೆ. ಊಟವಿಲ್ಲ, ನೀರು ಕಡಿಮೆ, ನಿದ್ರೆಯಿಲ್ಲ. ಮೂರನೆಯ ದಿನ ಅವನು ಕೂಗಾಡತೊಡಗಿದರೆ ನಾವು ಅದನ್ನು ಏನೆಂದು ಓದುತ್ತೇವೆ? ದುರಾತ್ಮನ ಕಾಟವೆಂದು ಅವನನ್ನು ಹಿಡಿದು ಕಟ್ಟಿ, ಇನ್ನಷ್ಟು ಉಪವಾಸ ಮಾಡಿಸುವ ರೂಢಿ ಕೆಲವೆಡೆ ಇದೆ. ಅವನ ಪಶ್ಚಾತ್ತಾಪ ನಿಜವಾದದ್ದೇ ಆಗಿರಬಹುದು. ಅವನ ಮಿದುಳಿನಲ್ಲಿ ನಡೆಯುತ್ತಿರುವುದೂ ನಿಜವೇ. ಆ ಹೊತ್ತಿಗೆ ಬೇಕಾದದ್ದು ಡಯಾಜೆಪಾಮ್ ಅಥವಾ ಕ್ಲೋರ್‌ಡಯಾಜೆಪಾಕ್ಸೈಡ್‌ನಂಥ ಔಷಧ, ನೀರು, ಮತ್ತು ಥಯಾಮಿನ್ ಎಂಬ ಬಿ1 ಜೀವಸತ್ವದ ಚುಚ್ಚುಮದ್ದು. ಈ ಜೀವಸತ್ವ ಕುಡಿಯುವವರ ದೇಹದಲ್ಲಿ ಬಹುತೇಕ ಬರಿದಾಗಿರುತ್ತದೆ. ಅದನ್ನು ಕೊಡದೆ ಬರಿಯ ಗ್ಲೂಕೋಸ್ ಡ್ರಿಪ್ ಹಾಕಿಸಿದರೆ, ಮಿದುಳಿಗೆ ಶಾಶ್ವತ ಹಾನಿ ತರುವ ವರ್ನಿಕೆ ವ್ಯಾಧಿ ಎರಗಬಹುದು. ಇವು ದುಬಾರಿ ಔಷಧಗಳಲ್ಲ. ಹಳ್ಳಿಯಲ್ಲಿ ಕೊರತೆಯಿರುವುದು, ಇವು ಬೇಕಾದ ಹೊತ್ತನ್ನು ಗುರುತಿಸಬಲ್ಲವರಿಗೆ.

ಹಾಗೆ ಗುರುತಿಸಬಲ್ಲವರನ್ನು ನಮ್ಮ ವೈದ್ಯಶಿಕ್ಷಣ ತಯಾರಿಸುತ್ತಿದೆಯೇ? ಎಂಬಿಬಿಎಸ್ ವಿದ್ಯಾರ್ಥಿಯು ಮದ್ಯವನ್ನು ಮೊದಲು ಭೇಟಿಯಾಗುವುದು ಯಕೃತ್ತಿನಲ್ಲಿ. ಹೊಟ್ಟೆಯಲ್ಲಿ ನೀರು ತುಂಬಿದವನನ್ನು, ರಕ್ತ ಕಾರಿದವನನ್ನು ಅವನು ವಾರ್ಡಿನಲ್ಲಿ ಹಲವು ಸಲ ಪರೀಕ್ಷಿಸುತ್ತಾನೆ. ಆ ಯಕೃತ್ತಿನ ಒಡೆಯನೊಡನೆ ಕುಡಿತದ ಬಗೆಗೆ ಕುಳಿತು ಮಾತನಾಡುವುದನ್ನು ಕಲಿಸುವ ಮನೋವೈದ್ಯಕೀಯ ವಿಭಾಗದಲ್ಲಿ ಅವನು ಕಳೆಯುವುದು ಕೆಲವೇ ವಾರಗಳು. ಆ ವಿಷಯಕ್ಕೆ ಪ್ರತ್ಯೇಕ ಪರೀಕ್ಷೆಯೂ ಇಲ್ಲ, ಅದು ಸಾಮಾನ್ಯ ವೈದ್ಯಶಾಸ್ತ್ರದ ಒಂದು ತುಣುಕು. ಪರೀಕ್ಷೆಯಿಲ್ಲದ್ದನ್ನು ವಿದ್ಯಾರ್ಥಿಗಳು ಎಷ್ಟು ಓದುತ್ತಾರೆಂಬುದು ಸೆಮಿನರಿಯಲ್ಲಿ ಓದಿದ ನಮಗೆ ಹೇಳಿಕೊಡಬೇಕಾದ ಸಂಗತಿಯಲ್ಲ.

ಪಾಠಕ್ಕಿಂತ ಗಾಢವಾಗಿ ಇಳಿಯುವುದು ಹಿರಿಯರ ನಡವಳಿಕೆ. ರಾತ್ರಿ ಪಾಳಿಯಲ್ಲಿ ಬಂದ ವ್ಯಸನಿಯನ್ನು ಹೆಸರಿನಿಂದ ಕರೆಯದೆ ‘ಆ ಕುಡುಕ’ ಎನ್ನುವುದನ್ನು, ಬೇರೆ ರೋಗಿಗಳ ಗಾಯವನ್ನು ಹೊಲಿದ ಮೇಲೆ ಕೊನೆಗೆ ಅವನದನ್ನು ಹೊಲಿಯುವುದನ್ನು ಎಳೆಯ ವಿದ್ಯಾರ್ಥಿ ನೋಡುತ್ತಾನೆ. ಯಾವ ಪಠ್ಯಕ್ರಮದಲ್ಲೂ ಬರೆದಿರದ ಈ ಪಾಠವೇ ಅವನೊಡನೆ ಹಳ್ಳಿಗೆ ಹೋಗುತ್ತದೆ. ವ್ಯಸನ ಚಿಕಿತ್ಸೆಯ ತರಬೇತಿಯ ಮೊದಲ ಕೆಲಸ ಈ ತಿರಸ್ಕಾರವನ್ನು ಕಳಚುವುದೇ ಎಂದು ನಾನು ತಿಳಿಯುತ್ತೇನೆ. ಔಷಧದ ಪ್ರಮಾಣವನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು.

ದೂರದ ಊರಿನಲ್ಲಿ ಕಷ್ಟ ಬೇರೆಯೇ ಬಗೆಯದು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಲೈನ್ ಮನೆಗಳಲ್ಲಿಯಾಗಲಿ, ಕಾಡಂಚಿನ ಹಾಡಿಗಳಲ್ಲಿಯಾಗಲಿ ಮನೋವೈದ್ಯರಿರಲಿ, ಪ್ರಯೋಗಾಲಯವೂ ಹತ್ತಿರವಿರುವುದಿಲ್ಲ. ಬಟವಾಡೆಯ ದಿನವೇ ಕುಡಿತದ ದಿನ. ಕರ್ನಾಟಕದಲ್ಲಿ 2007ರ ಜುಲೈಯಿಂದ ಸಾರಾಯಿ ನಿಷೇಧವಾಯಿತು. ಕೂಲಿಯವನ ಕೈಗೆ ಅದರ ಬದಲು ಸಣ್ಣ ಪ್ಯಾಕೆಟ್ಟಿನ ವಿಸ್ಕಿ ಬಂತು. ಇಲ್ಲಿ ಯಾರ ಗುಟ್ಟೂ ಗುಟ್ಟಾಗಿ ಉಳಿಯದು: ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲಲ್ಲಿ ಒಬ್ಬನು ಎರಡು ಬಾರಿ ಕಾಣಿಸಿಕೊಂಡರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ನಗರದ ಆಸ್ಪತ್ರೆಯಲ್ಲಷ್ಟೇ ಕಲಿತವನಿಗೆ ಇದಾವುದರ ಅಂದಾಜೂ ಇರುವುದಿಲ್ಲ.

ಆದ್ದರಿಂದ ತರಬೇತಿ ಕೇಳುವುದರಿಂದ ಆರಂಭವಾಗಬೇಕು. ವಿಶ್ವ ಆರೋಗ್ಯ ಸಂಸ್ಥೆಯು ರೂಪಿಸಿದ ‘ಆಡಿಟ್’ ಎಂಬ ಪ್ರಶ್ನಾವಳಿಯಲ್ಲಿ ಹತ್ತು ಪ್ರಶ್ನೆಗಳಿವೆ, ಒಟ್ಟು 40 ಅಂಕ. ಎಂಟನ್ನು ಮುಟ್ಟಿದರೆ ಎಚ್ಚರಿಕೆ, ಇಪ್ಪತ್ತನ್ನು ಮುಟ್ಟಿದರೆ ಬಹುಶಃ ಅಧೀನತೆ. ನೋಡಲು ಸರಳ, ಹಳ್ಳಿಯಲ್ಲಿ ಕೇಳುವಾಗ ತೊಡಕು ತಿಳಿಯುತ್ತದೆ. ‘ದಿನಕ್ಕೆ ಎಷ್ಟು ಕುಡಿಯುತ್ತೀರಿ?’ ಎಂದರೆ ‘ಎರಡು’ ಎನ್ನುತ್ತಾನೆ. ಎರಡು ಏನು? 90 ಮಿಲಿಲೀಟರಿನ ಎರಡು ಪ್ಯಾಕೆಟ್ ಎಂದರೆ ಒಂದು ಕ್ವಾರ್ಟರ್. ಶೇ. 42.8ರ ವಿಸ್ಕಿಯ ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಹತ್ತು ಗ್ರಾಮಿಗೆ ಒಂದು ಎಂಬ ಪ್ರಮಾಣಿತ ಅಳತೆಯಲ್ಲಿ ಅದು ಆರು ಪಾನ. ಕಾಗದದ ಮೇಲೆ ‘ಎರಡು’ ಎಂದು ಬರೆದುಕೊಂಡ ವಿದ್ಯಾರ್ಥಿ ಅವನ ರೋಗವನ್ನೇ ಕಾಣದೆ ಎದ್ದುಹೋಗುತ್ತಾನೆ. ಅಂಗಡಿಯಲ್ಲಿ ಏನು ಮಾರುತ್ತಾರೆ, ಮನೆಯಲ್ಲಿ ಏನು ಬಟ್ಟಿ ಇಳಿಸುತ್ತಾರೆ, ಹಬ್ಬದಲ್ಲಿ ಎಷ್ಟು ಕುಡಿಯುತ್ತಾರೆ ಎಂಬ ಸ್ಥಳಜ್ಞಾನವೂ ಇಲ್ಲಿ ವೈದ್ಯಜ್ಞಾನವೇ. ಹೆಂಗಸರನ್ನು ಕೇಳುವುದನ್ನೂ ಕಲಿಯಬೇಕು. ಅವರು ಕುಡಿಯುವುದಿಲ್ಲವೆಂದು ಊಹಿಸಿಕೊಂಡವನಿಗೆ ಅವರು ಏನನ್ನೂ ಹೇಳುವುದಿಲ್ಲ.

ಕೇಳಿದ ಮೇಲೆ ಮಾತನಾಡುವುದು. ಬೋಧನೆ, ಬೆದರಿಕೆ, ನಾಚಿಕೆಗಳಿಂದ ಕುಡಿತ ಬಿಡಿಸಬಹುದೆಂಬುದು ಹಳೆಯ ನಂಬಿಕೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಬೇರೊಂದು ಮಾರ್ಗವನ್ನು ಮುಂದಿಟ್ಟರು. ವ್ಯಸನಿಯೊಳಗೆ ಬಿಡಬೇಕೆಂಬ ಆಸೆಯೂ ಬಿಡಲಾರೆನೆಂಬ ಭಯವೂ ಒಟ್ಟಿಗೆ ಇರುತ್ತವೆ. ವಾದಿಸಿದಷ್ಟೂ ಅವನು ಎರಡನೆಯದರ ಪರ ನಿಲ್ಲುತ್ತಾನೆ. ಆದ್ದರಿಂದ ಬದಲಾವಣೆಯ ಕಾರಣಗಳನ್ನು ಅವನ ಬಾಯಿಂದಲೇ ಹೊರಡಿಸಬೇಕು. ಯೋಹಾನನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಬೇತ್ಸಥಾ ಕೊಳದ ಬಳಿ ಮಲಗಿದ್ದ, ಮೂವತ್ತೆಂಟು ವರ್ಷಗಳಿಂದ ರೋಗಿಯಾಗಿದ್ದವನಿಗೆ ಯೇಸು ಮೊದಲು ಕೇಳಿದ್ದು ಅವನಿಗೆ ಸ್ವಸ್ಥನಾಗುವ ಮನಸ್ಸಿದೆಯೇ ಎಂದು. ಆ ಪ್ರಶ್ನೆ ಅನಾವಶ್ಯಕವೆಂದು ಅನೇಕ ವ್ಯಾಖ್ಯಾನಕಾರರಿಗೆ ತೋರಿದೆ. ವ್ಯಸನಿಗಳ ನಡುವೆ ಕೆಲಸ ಮಾಡಿದವರಿಗೆ ಹಾಗೆ ತೋರುವುದಿಲ್ಲ.

ಈ ಬಗೆಯ ಸಂಭಾಷಣೆಗೆ ಮನೋವೈದ್ಯರೇ ಬೇಕೆಂದಿಲ್ಲ. ಗೋವಾದ ‘ಸಂಗಾತ್’ ಸಂಸ್ಥೆ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹಾನಿಕರವಾಗಿ ಕುಡಿಯುತ್ತಿದ್ದ 377 ಪುರುಷರೊಡನೆ ನಡೆಸಿದ ಅಧ್ಯಯನ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಮಾಮೂಲಿನ ಆರೈಕೆ ಮಾತ್ರ. ಉಳಿದವರಿಗೆ ಅದರ ಜೊತೆಗೆ ಹೆಚ್ಚೆಂದರೆ ನಾಲ್ಕು ಆಪ್ತಸಮಾಲೋಚನೆಯ ಭೇಟಿಗಳು. ಸಮಾಲೋಚಕರು ವೈದ್ಯರಲ್ಲ, ಆ ಕೆಲಸಕ್ಕಾಗಿ ತರಬೇತಿ ಪಡೆದ ಊರಿನ ಸಾಮಾನ್ಯ ಜನ. ಮೂರು ತಿಂಗಳ ಬಳಿಕ ಹಾನಿಕರ ಕುಡಿತದಿಂದ ಹೊರಬಂದವರು ಸಮಾಲೋಚನೆ ಪಡೆದವರಲ್ಲಿ ಶೇ. 36, ಇನ್ನೊಂದು ಗುಂಪಿನಲ್ಲಿ ಶೇ. 26. ಹಿಂದಿನ ಹದಿನಾಲ್ಕು ದಿನ ಒಂದು ಹನಿಯನ್ನೂ ಮುಟ್ಟದವರು ಶೇ. 42 ಮತ್ತು ಶೇ. 18. ಈ ಅಧ್ಯಯನದಲ್ಲಿದ್ದವರು ಆಡಿಟ್‌ನಲ್ಲಿ 12ರಿಂದ 19 ಅಂಕ ಪಡೆದವರೆಂಬುದನ್ನು ಮರೆಯಬಾರದು. ಪೂರ್ಣ ಅಧೀನರಾದವರಿಗೆ, ಕೈನಡುಕ ಇರುವವರಿಗೆ, ಮಾತಿನ ಜೊತೆ ವೈದ್ಯರೂ ಬೇಕು. ಹಾಗಿದ್ದರೂ ದಾದಿಯರು, ಆಶಾ ಕಾರ್ಯಕರ್ತೆಯರು, ಸುವಾರ್ತಿಕರು ಕಲಿಯಬಲ್ಲ ಕೌಶಲವೊಂದು ಇಲ್ಲಿದೆ ಎಂಬುದು ಸ್ಪಷ್ಟ.

ತಜ್ಞರಲ್ಲದವರಿಗೆ ಹಳ್ಳಿಯಲ್ಲೇ ಕಲಿಸುವ ಪ್ರಯೋಗ ಕನ್ನಡನಾಡಿಗೆ ಹೊಸದಲ್ಲ. ನಿಮ್ಹಾನ್ಸ್‌ನ ವೈದ್ಯರು 1970ರ ದಶಕದಲ್ಲಿಯೇ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೆ ಏನನ್ನು, ಎಷ್ಟನ್ನು, ಯಾವ ಮಾತಿನಲ್ಲಿ ಕಲಿಸಬಹುದೆಂದು ಪರೀಕ್ಷಿಸಿದರು. ಅದೇ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಗೆ ವಿಸ್ತರಿಸಿತು. ‘ಬಳ್ಳಾರಿ ಮಾದರಿ’ಯಿಂದ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಅಂದು ಮುಖ್ಯ ಗಮನ ತೀವ್ರ ಮನೋರೋಗ ಮತ್ತು ಮೂರ್ಛೆರೋಗದ ಕಡೆಗಿತ್ತು. ಮದ್ಯವ್ಯಸನಕ್ಕೆ ಅಷ್ಟು ಜಾಗ ಸಿಕ್ಕಲಿಲ್ಲ. ಈಗ ಬೇರೊಂದು ಬಾಗಿಲು ತೆರೆದಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕುಟುಂಬ ದತ್ತು ಕಾರ್ಯಕ್ರಮದಂತೆ ಪ್ರತಿಯೊಬ್ಬ ಎಂಬಿಬಿಎಸ್ ವಿದ್ಯಾರ್ಥಿಯೂ ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ಹಿಂಬಾಲಿಸಬೇಕು. ರಕ್ತದೊತ್ತಡ ಅಳೆದು ವರದಿ ಬರೆಯುವುದಕ್ಕೆ ಅದು ಮುಗಿಯಬಹುದು. ಒಬ್ಬ ಒಳ್ಳೆಯ ಅಧ್ಯಾಪಕನ ಕೈಯಲ್ಲಿ ಅದೇ ಕಾರ್ಯಕ್ರಮ, ಒಬ್ಬ ವ್ಯಸನಿ ಬಿಟ್ಟು, ಮತ್ತೆ ಹಿಡಿದು, ಮತ್ತೆ ಬಿಡುವುದನ್ನು ವಿದ್ಯಾರ್ಥಿ ವರ್ಷಗಟ್ಟಲೆ ಹತ್ತಿರದಿಂದ ನೋಡುವ ಅವಕಾಶವಾಗಬಲ್ಲದು. ವಾರ್ಡಿನಲ್ಲಿ ಕಾಣುವುದು ಬಿದ್ದವನು ಮಾತ್ರ. ಎದ್ದು ನಡೆದವನು ಆಸ್ಪತ್ರೆಗೆ ಬರುವುದಿಲ್ಲ. ವ್ಯಸನಿಗಳು ಗುಣವಾಗುವುದೇ ಇಲ್ಲವೆಂಬ ಕಿರಿಯ ವೈದ್ಯರ ನಂಬಿಕೆಗೆ ಮೂಲ ಇದೇ.

ಕಲಿತು ಹಳ್ಳಿಗೆ ಹೋದವನನ್ನು ಒಂಟಿಯಾಗಿ ಬಿಡಬಾರದೆಂಬುದು ಇನ್ನೊಂದು ಪಾಠ. ನ್ಯೂ ಮೆಕ್ಸಿಕೊದಲ್ಲಿ ವೈದ್ಯ ಸಂಜೀವ್ ಅರೋರಾ 2003ರಲ್ಲಿ ಹೆಪಟೈಟಿಸ್ ಸಿ ರೋಗಕ್ಕಾಗಿ ಆರಂಭಿಸಿದ ‘ಎಕೋ’ ವಿಧಾನದಲ್ಲಿ ದೂರದ ಊರಿನ ವೈದ್ಯರು ನಿಯತವಾಗಿ ವಿಡಿಯೊ ಮೂಲಕ ಸೇರಿ, ತಮ್ಮ ರೋಗಿಯ ವಿಚಾರವನ್ನು ತಜ್ಞರ ಮುಂದಿಡುತ್ತಾರೆ; ಒಬ್ಬರ ರೋಗಿಯಿಂದ ಎಲ್ಲರೂ ಕಲಿಯುತ್ತಾರೆ. ನಿಮ್ಹಾನ್ಸ್ ಇದನ್ನು ವ್ಯಸನ ಚಿಕಿತ್ಸೆಗೆ ಅಳವಡಿಸಿಕೊಂಡಿದೆ.

ಮದ್ಯದ ವಿಷಯದಲ್ಲಿ ಪೂರ್ಣ ವರ್ಜನೆಯ ಗುರಿಗೆ ವೈದ್ಯರೂ ಸಭೆಯೂ ಸುಲಭವಾಗಿ ಒಪ್ಪುತ್ತಾರೆ. ಹೆರಾಯಿನ್ ಮೊದಲಾದ ಅಫೀಮಿನ ವರ್ಗದ ವಸ್ತುಗಳಲ್ಲಿ ಹಾಗಲ್ಲ, ಮತ್ತು ಇದನ್ನು ಅತಿ ಕಷ್ಟದಿಂದ ಕಲಿತವರು ಈಶಾನ್ಯ ಭಾರತದ ಕ್ರೈಸ್ತರು. ನಾಗಾಲ್ಯಾಂಡಿನ 1989ರ ಸಂಪೂರ್ಣ ಪಾನನಿಷೇಧ ಕಾನೂನಿನ ಹಿಂದೆ ಬ್ಯಾಪ್ಟಿಸ್ಟ್ ಸಭೆಗಳ ಮತ್ತು ನಾಗಾ ತಾಯಂದಿರ ಸಂಘದ ಒತ್ತಾಯವಿತ್ತು. ಅದೇ ಕಾಲದಲ್ಲಿ ಮ್ಯಾನ್ಮಾರ್ ಗಡಿಯಿಂದ ಬರುತ್ತಿದ್ದ ಹೆರಾಯಿನ್ ಮಣಿಪುರ, ನಾಗಾಲ್ಯಾಂಡಿನ ಯುವಕರ ರಕ್ತನಾಳಕ್ಕಿಳಿದಿತ್ತು. ಹಂಚಿಕೊಂಡ ಸೂಜಿಗಳಿಂದ ಎಚ್‌ಐವಿ ಹರಡಿತು. ಬಲವಂತದ ಬಂಧನ, ಪ್ರಾರ್ಥನೆ, ಮನೆಗೆ ಹಿಂತಿರುಗುವುದು, ಮತ್ತೆ ಸೂಜಿ, ಹೀಗೆ ಸುತ್ತು ನಡೆಯಿತು. ಇದರಲ್ಲಿ ಒಂದು ಮಾರಕ ಅಂಶವಿದೆ: ಕೆಲವು ವಾರ ಬಿಟ್ಟವನ ದೇಹ ಹಳೆಯ ಪ್ರಮಾಣವನ್ನು ತಾಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ, ಹೊರಬಂದು ಹಿಂದಿನಷ್ಟೇ ತೆಗೆದುಕೊಂಡರೆ ಉಸಿರು ನಿಂತು ಸಾಯುತ್ತಾನೆ.

ಇದಕ್ಕೆ ಉತ್ತರವಾಗಿ ಬಂದುದು ಬುಪ್ರೆನಾರ್ಫಿನ್ ಮಾತ್ರೆಯನ್ನು ಪ್ರತಿದಿನ ಆರೋಗ್ಯ ಕಾರ್ಯಕರ್ತರ ಎದುರಿನಲ್ಲಿ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಬದಲಿ ಚಿಕಿತ್ಸೆ. ಅದೂ ಅಫೀಮಿನ ವರ್ಗಕ್ಕೇ ಸೇರಿದ ಔಷಧ. ಆದರೆ ಅದರ ಪರಿಣಾಮಕ್ಕೆ ಮೇಲ್ಮಿತಿಯುಂಟು, ಚಡಪಡಿಕೆ ನಿಲ್ಲುತ್ತದೆ, ಮನುಷ್ಯ ಕೆಲಸಕ್ಕೆ ಹೋಗಬಲ್ಲನು. ಈ ಚಿಕಿತ್ಸೆಯನ್ನು ಆ ರಾಜ್ಯಗಳಲ್ಲಿ ಹಬ್ಬಿಸಿದವರಲ್ಲಿ ಕ್ರೈಸ್ತ ಸಂಸ್ಥೆಯಾದ ಇಮ್ಯಾನುಯೆಲ್ ಹಾಸ್ಪಿಟಲ್ ಅಸೋಸಿಯೇಷನ್ ಸಹ ಒಂದು. ಒಂದು ಮಾದಕವನ್ನು ಬಿಡಿಸಿ ಇನ್ನೊಂದನ್ನು ಕೊಡುವುದು ಯಾವ ನ್ಯಾಯವೆಂದು ಕೇಳುವ ಸಭಾಪಾಲಕರು ಇದ್ದಾರೆ. ಆ ಪ್ರಶ್ನೆಯನ್ನು ತಳ್ಳಿಹಾಕಬೇಕಾಗಿಲ್ಲ; ಆದರೆ ಮಧುಮೇಹಿಗೆ ಇನ್ಸುಲಿನ್ ಬಿಡಿಸಿ ನಂಬಿಕೆಯನ್ನು ಪರೀಕ್ಷಿಸದ ನಾವು, ಇಲ್ಲಿ ಮಾತ್ರ ಮಾತ್ರೆ ಬಿಡುವುದನ್ನೇ ವಿಶ್ವಾಸದ ಗುರುತಾಗಿ ಕೇಳಿದರೆ, ಅದರ ಬೆಲೆಯನ್ನು ತೆರುವವನು ಆ ಯುವಕನೇ.

ಇನ್ನು ನಮ್ಮ ಪಾಲಿನ ಕೆಲಸ. ಮಿಷನ್ ಆಸ್ಪತ್ರೆಗಳ ಶುಶ್ರೂಷಾ ಶಾಲೆಗಳಿರುವ ಕಡೆ, ದೈವಶಾಸ್ತ್ರದ ವಿದ್ಯಾರ್ಥಿಗಳನ್ನೂ ಶುಶ್ರೂಷಾ ವಿದ್ಯಾರ್ಥಿಗಳನ್ನೂ ಎರಡು ವಾರ ಒಂದೇ ಹಳ್ಳಿಯಲ್ಲಿ ಇರಿಸಿ ಒಟ್ಟಿಗೆ ಕಲಿಸಬಹುದೆಂದು ನನಗನಿಸುತ್ತದೆ. ಒಬ್ಬರು ಆಡಿಟ್ ಪ್ರಶ್ನೆ ಕೇಳುವಾಗ ಇನ್ನೊಬ್ಬರು ಹೆಂಡತಿಯ ಮಾತನ್ನು ಆಲಿಸಲಿ. ಸಂಜೆ ಇಬ್ಬರೂ ಕುಳಿತು, ಯಾರ ಕೈ ನಡುಗುತ್ತಿತ್ತು, ಯಾರನ್ನು ನಾಳೆಯೇ ಆಸ್ಪತ್ರೆಗೆ ಕಳುಹಿಸಬೇಕು ಎಂದು ಚರ್ಚಿಸಲಿ. ಹಿಂದೆ ಫಿಟ್ಸ್ ಬಂದವನು, ಬೆಳಿಗ್ಗೆ ಎದ್ದಕೂಡಲೆ ಕುಡಿಯದೆ ಇರಲಾರದವನು, ಒಂದೆರಡು ದಿನ ಬಿಟ್ಟಾಗ ಬೆವತು ನಡುಗುವವನು, ಈ ಮೂವರು ಮನೆಯಲ್ಲಿಯೋ ಪ್ರಾರ್ಥನಾ ಕೂಟದಲ್ಲಿಯೋ ಹಠಾತ್ತನೆ ಬಿಡಬಾರದು ಎಂಬಿಷ್ಟನ್ನು ಪ್ರತಿಯೊಬ್ಬ ಸೆಮಿನರಿ ಪದವೀಧರನೂ ತಿಳಿದಿರಬೇಕು.

ಡೈಸಲ್ಫಿರಾಮ್ ಎಂಬ ಮಾತ್ರೆಯ ವಿಚಾರವೂ ನಮಗೆ ಗೊತ್ತಿರಬೇಕಾದದ್ದು. ಅದನ್ನು ತೆಗೆದುಕೊಳ್ಳುವವನು ಮದ್ಯ ಮುಟ್ಟಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಕೆಲವೊಮ್ಮೆ ಜೀವಕ್ಕೇ ಅಪಾಯ. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಇರಬಹುದು. ಆದ್ದರಿಂದ ರೋಗಿಗೆ ತಿಳಿಸದೆ ಊಟದಲ್ಲಿ ಬೆರೆಸುವುದಕ್ಕೆ ಮನೆಯವರು ನಮ್ಮ ಸಲಹೆ ಕೇಳಿದರೆ ಖಂಡಿತವಾಗಿ ಬೇಡವೆನ್ನಬೇಕು. ಹುದುಗಿದ ದ್ರಾಕ್ಷಾರಸದಿಂದ ಪ್ರಭು ಭೋಜನ ನಡೆಸುವ ಸಭೆಗಳಲ್ಲಿ ಆ ಮಾತ್ರೆಯವನಿಗೆ ಪಾತ್ರೆಯನ್ನು ಕೊಡಬಾರದು. ಹಾಗೆಂದು ಅವನೊಬ್ಬನನ್ನೇ ಬಿಟ್ಟರೆ ಸಭೆಯೆಲ್ಲ ತಿರುಗಿ ನೋಡುತ್ತದೆ. ಎಲ್ಲರಿಗೂ ಹುದುಗದ ರಸವನ್ನೇ ಕೊಡುವುದು ಸಾಧ್ಯವಿರುವ ಕಡೆ ಅದೇ ಸರಳ ದಾರಿ.

ಸಾಕ್ಷಿಯ ವಿಚಾರವೊಂದು ಉಳಿಯಿತು. ಕುಡಿತ ಬಿಟ್ಟು ಒಂದು ತಿಂಗಳಾದವನನ್ನು ಸಭೆಯ ಮುಂದೆ ನಿಲ್ಲಿಸಿ ಸಾಕ್ಷಿ ಹೇಳಿಸುವುದು ನಮಗೆ ಪ್ರಿಯ. ಮೊದಲ ವರ್ಷದಲ್ಲಿ ಮರುಕಳಿಸುವುದು ಈ ವ್ಯಾಧಿಯ ಸಾಮಾನ್ಯ ನಡೆ. ಮರುಕಳಿಸಿದ ದಿನ, ಸಾಕ್ಷಿ ಹೇಳಿದವನು ಎಲ್ಲರಿಗಿಂತ ಮೊದಲು ದೂರವಾಗುವುದು ಸಭೆಯಿಂದಲೇ, ಏಕೆಂದರೆ ಅವನ ನಾಚಿಕೆಯನ್ನು ನಾವು ಎತ್ತರದ ಮೇಲೆ ನಿಲ್ಲಿಸಿಟ್ಟಿರುತ್ತೇವೆ. ಅವನು ಮಾತ್ರೆಗೆ ಬರುವುದನ್ನೂ ನಿಲ್ಲಿಸುತ್ತಾನೆ. ಶುಶ್ರೂಷಾ ವಿದ್ಯಾರ್ಥಿಯ ಎರಡು ವಾರ ಅಷ್ಟರಲ್ಲಿ ಮುಗಿದು ಅವಳು ಕಾಲೇಜಿಗೆ ಹಿಂತಿರುಗಿರುತ್ತಾಳೆ, ವೈದ್ಯರ ವರ್ಗಾವಣೆಯಾಗಿರುತ್ತದೆ. ಊರಿನಲ್ಲಿ ಉಳಿದಿರುವವರು ಆಶಾ ಕಾರ್ಯಕರ್ತೆ ಮತ್ತು ಸಭಾಪಾಲಕರು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲಿಯೇ ಹಗಲಿರುಳು ಕರೆ ಮಾಡಬಹುದು. ಸಾಕ್ಷಿಗೆ ಒಂದು ವರ್ಷ ಕಾಯಬಹುದು. ಆ ವರ್ಷದಲ್ಲಿ ತಿಂಗಳಿಗೊಮ್ಮೆ ಅವನನ್ನು ಆರೋಗ್ಯ ಕೇಂದ್ರಕ್ಕೆ ಬೈಕಿನಲ್ಲಿ ಕರೆದೊಯ್ಯುವವರು ಯಾರೆಂಬುದನ್ನು ಸಭಾ ಸಮಿತಿಯು ಅವನು ಬಿಟ್ಟ ಮೊದಲ ವಾರವೇ ನಿರ್ಧರಿಸಬೇಕು.